ಕಲ್ಯಾಣದ ಮುಂದೆ ಒಂದು ಚುಕ್ಕಿ

ಲೋಕಲ್ ಗಾಡಿ ನಡುದಾರಿಯಲ್ಲಿ ನಿಂತುಬಿಟ್ಟರೆ ನಮ್ಮ ಲೇಡೀಸ್ ಡಬ್ಬಿಯಲ್ಲಿ ಖುಷಿಪಡುತ್ತಿದ್ದವರು ಒಬ್ಬರೇ ಒಬ್ಬರು. ಉಳಿದ ನಾವೆಲ್ಲ ಗಡಿಯಾರ ನೋಡಿ, ಬಾಸಿನ ಮುಖ ನೆನೆದು, ಸಿಗ್ನಲ್ಲಿನ ವಂಶವನ್ನೇ ಜಾಲಾಡುತ್ತಿದ್ದರೆ ಅವರು ಮಾತ್ರ "ಹಾಂ, ನಿಂತಿತು ನಿಂತಿತು" ಎಂದು ಚೀಲದಿಂದ ಆರಿಂಚಿನ ಸ್ಕೇಲು ತೆಗೆಯುತ್ತಿದ್ದರು. ಮುಂಬ್ರಾ ದಾಟಿದ ಮೇಲೆ, ಕಳವಾ ಬರುವ ಮೊದಲು ಗಾಡಿ ಆಗಾಗ ನಿಲ್ಲುತ್ತದಲ್ಲ, ಅದು ತಮಗೆ ಗೆರೆ ಎಳೆಯಲಿಕ್ಕೆಂದೇ ದೇವರು ಮಾಡಿಕೊಟ್ಟ ವ್ಯವಸ್ಥೆ ಎಂದು ಅವರು ನಂಬಿದ್ದರು.

ಹೋದ ತಿಂಗಳು ಅವರು ರಿಟೈರ್ ಆದರು. ಮೊನ್ನೆ ಅದೇ ಜಾಗದಲ್ಲಿ ಗಾಡಿ ನಿಂತಿತು. ಕಿಟಕಿ ಪಕ್ಕದ ಅವರ ಸೀಟಿನಲ್ಲಿ ಯಾವುದೋ ಹುಡುಗಿ ಕಿವಿಗೆ ವೈರು ಸಿಕ್ಕಿಸಿಕೊಂಡು ನಿದ್ದೆ ಮಾಡುತ್ತಿದ್ದಳು. ಅವರು ಗೆರೆ ಎಳೆಯುವಾಗ ನಾನು ಹಿಡಿದುಕೊಳ್ಳುತ್ತಿದ್ದ ಪೆನ್ನಿನ ಪೌಚಿಗಾಗಿ ನನ್ನ ಕೈ ತಾನಾಗಿ ಮುಂದೆ ಹೋಯಿತು. ಹಿಡಿಯಲು ಏನೂ ಇರಲಿಲ್ಲ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಅವರು ಉಡುಪಿ ಕಡೆಯವರು. ಮದುವೆಯಾಗಿ ಡೊಂಬಿವಲಿಗೆ ಬಂದು, ಬೇಲಾಪುರದ ಒಂದು ಸರ್ಕಾರಿ ಕಚೇರಿಯ ರೆಕಾರ್ಡ್ ವಿಭಾಗದಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ತಲೆ ನೆರೆತವರು. ನಾನು ಮೈಸೂರಿನವಳು, ಗಂಡನ ಕೆಲಸದ ಬಾಲ ಹಿಡಿದು ಡೊಂಬಿವಲಿಗೆ ಬಂದವಳು. ಬೇಲಾಪುರದಲ್ಲೇ ಒಂದು ಖಾಸಗಿ ಕಂಪನಿಯಲ್ಲಿ ನನಗೂ ಕೆಲಸ ಸಿಕ್ಕಿತು. ಬೆಳಿಗ್ಗೆ ಎಂಟರ ಡೊಂಬಿವಲಿ ಲೋಕಲ್, ಠಾಣೆಯಲ್ಲಿ ಇಳಿದು ಪನ್ವೇಲ್ ಗಾಡಿ, ಹೀಗೆ ಇಬ್ಬರ ದಾರಿ ಒಂದೇ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಡಬ್ಬಿಯ ಮರಾಠಿ ಹೆಂಗಸರು 'ಟಿಕ್ಲಿ ತಾಯಿ', ಅಂದರೆ ಬೊಟ್ಟಿನ ಅಕ್ಕ, ಎನ್ನುತ್ತಿದ್ದರು. ಹಣೆಯಲ್ಲಿ ಎಂಟಾಣೆ ಅಗಲದ ಬೊಟ್ಟು, ಕೈಯಲ್ಲಿ ಚುಕ್ಕಿಗಳೇ ತುಂಬಿದ ಪುಸ್ತಕ. ಬೇರೆ ಹೆಸರು ಇಡಲು ಅವರೇ ಜಾಗ ಬಿಟ್ಟಿರಲಿಲ್ಲ.

ಆ ಪುಸ್ತಕದ ಬಗ್ಗೆ ಹೇಳದೆ ಅವರ ಬಗ್ಗೆ ಹೇಳಲಾಗದು. ಒಂದು ದಿನ ಮೊಬೈಲಿನಲ್ಲಿ ಬಂಗುಡೆ ಗಸಿ ಹೇಗೆ ಮಾಡುವುದೆಂದು ಹುಡುಕುವಾಗ ಯಾವುದೋ ವಿದೇಶದ ಹುಡುಗಿ ಬುಲೆಟ್ ಜರ್ನಲ್ ಬರೆಯುವ ವಿಡಿಯೊ ಬಂತಂತೆ. ಗಸಿ ಒಲೆಯ ಮೇಲೆ ಹತ್ತಿಹೋಗುವವರೆಗೂ ಅಕ್ಕ ಅದನ್ನು ನೋಡಿದರು. ಮಾಡಬೇಕಾದ ಕೆಲಸದ ಮುಂದೆ ಒಂದು ಚುಕ್ಕಿ. ಮುಗಿದರೆ ಚುಕ್ಕಿಯ ಮೇಲೆ ಇಂಟು ಮಾರ್ಕು. ಆಗದೆ ಮುಂದಿನ ತಿಂಗಳಿಗೆ ಹೋದರೆ ಚುಕ್ಕಿಯಿಂದ ಒಂದು ಬಾಣ, ಹೊಸ ಪುಟದಲ್ಲಿ ಅದೇ ಕೆಲಸವನ್ನು ಮತ್ತೆ ಕೈಯಾರೆ ಬರೆಯಬೇಕು. ಬೇಡವೇ ಬೇಡ ಎನಿಸಿದರೆ ಅಡ್ಡಗೆರೆ. ನಮಗೆಲ್ಲ ಇಂಟು ಎಂದರೆ ಮಗ್ಗಿ ತಪ್ಪಿದ ನೆನಪು. ಅಕ್ಕನಿಗೆ ಇಂಟು ಎಂದರೆ ಮೋಕ್ಷ.

ವಿಡಿಯೊದಲ್ಲಿ ತೋರಿಸಿದ ಚುಕ್ಕಿ ಹಾಳೆಯ ಪುಸ್ತಕ ಇಲ್ಲಿ ಎಲ್ಲಿ ಸಿಗಬೇಕು? ಅಕ್ಕ ಠಾಣೆಯ ನೌಪಾಡಾದ ಒಂದು ಸ್ಟೇಷನರಿ ಅಂಗಡಿಗೆ ಹೋಗಿ, ರಂಗೋಲಿ ಅಭ್ಯಾಸ ಮಾಡುವ ಚುಕ್ಕಿ ಪುಸ್ತಕ ಮೂರು ಕೊಂಡು, ಮೂರನ್ನೂ ಸೇರಿಸಿ ದಪ್ಪ ರಟ್ಟು ಹಾಕಿ ಬೈಂಡ್ ಮಾಡಿಸಿಕೊಂಡು ಬಂದರು. "ವಿದೇಶದವರು ಈಗ ಕಂಡುಹಿಡಿದದ್ದಂತೆ. ನಮ್ಮ ಅಜ್ಜಿ ಅಂಗಳದಲ್ಲಿ ದಿನಾ ಚುಕ್ಕಿ ಇಡ್ತಿದ್ದದ್ದು ಎಂತ ಹಾಗಾದ್ರೆ?" ಎನ್ನುವುದು ಅವರ ಸವಾಲು.

ವಿಡಿಯೊದ ಹುಡುಗಿ ಪುಟದ ಅಂಚಿಗೆ ಜಪಾನಿನ ಬಣ್ಣದ ಟೇಪು ಅಂಟಿಸುತ್ತಿದ್ದಳಂತೆ. ಅಕ್ಕ ವಾಶಿ ಮಾರ್ಕೆಟ್ಟಿನ ಹಣ್ಣುಗಳ ಮೇಲಿನ ಸ್ಟಿಕರ್ ಅಂಟಿಸುತ್ತಿದ್ದರು. ಸೇಬಿನದು, ಕಿವಿಹಣ್ಣಿನದು, ದೊಡ್ಡ ಕಿತ್ತಳೆಯದು. ಇಡೀ ಡಬ್ಬಿ ಅವರಿಗಾಗಿ ಸ್ಟಿಕರ್ ಕೂಡಿಸುತ್ತಿತ್ತು. ಬೆಳಿಗ್ಗೆ ಗಾಡಿ ಹತ್ತುವಾಗ ಒಬ್ಬೊಬ್ಬರ ಮೊಬೈಲಿನ ಹಿಂದೆ, ಕೈಗಡಿಯಾರದ ಪಟ್ಟಿಯ ಮೇಲೆ, ಒಮ್ಮೆ ಸುಷ್ಮಾತಾಯಿಯ ಕೆನ್ನೆಯ ಮೇಲೆಯೇ ಒಂದು ಸೇಬಿನ ಸ್ಟಿಕರ್. ಸುಷ್ಮಾತಾಯಿ ನಮ್ಮ ಎದುರು ಸೀಟಿನವರು, ದಿನಾ ಗಾಡಿಯಲ್ಲೇ ಸಂಜೆಯ ಅಡುಗೆಗೆ ತರಕಾರಿ ಬಿಡಿಸುವವರು. "ಟಿಕ್ಲಿ ತಾಯಿಗಾಗಿ ನಮ್ಮ ಮನೆಯಲ್ಲಿ ಹಣ್ಣು ತಿನ್ನುವುದು ಜಾಸ್ತಿಯಾಗಿದೆ, ಡಾಕ್ಟರರಿಗೆ ಸಂತೋಷ" ಎಂದು ಅವರು ಮರಾಠಿಯಲ್ಲಿ ಹೇಳಿ ನಗುತ್ತಿದ್ದರು.

ಓಡುವ ಗಾಡಿಯಲ್ಲಿ ಚುಕ್ಕಿ ಇಡಬಹುದು, ಗೆರೆ ಎಳೆಯಲಾಗದು. ಕೋಪರ್‌ನಿಂದ ದಿವಾ, ದಿವಾದಿಂದ ಮುಂಬ್ರಾ, ಆ ದಾರಿಯಲ್ಲಿ ಬರೆದ ಅಕ್ಷರಗಳೆಲ್ಲ ಚಳಿಜ್ವರ ಬಂದ ಹಾಗೆ ನಡುಗಿರುತ್ತಿದ್ದವು. ಹಾಗಾಗಿ ಬರೆಯುವುದೆಲ್ಲ ಓಡುವಾಗ, ಗೆರೆ ಎಳೆಯುವುದು ನಿಂತಾಗ. ಗಾಡಿ ಎಲ್ಲೂ ನಿಲ್ಲದೆ ಸರಿಯಾದ ಹೊತ್ತಿಗೆ ಠಾಣೆ ಮುಟ್ಟಿದರೆ ಅಕ್ಕನ ಮುಖ ಸಣ್ಣಗಾಗುತ್ತಿತ್ತು. "ಇವತ್ತು ಎಂತದೂ ಆಗ್ಲಿಲ್ಲ ಮಾರಾಯ್ತಿ" ಎಂದು ಸ್ಕೇಲನ್ನು ಒಳಗಿಡುತ್ತಿದ್ದರು.

ಮನಸ್ಸಿನ ಹವಾಮಾನಕ್ಕೆಂದು ಬೇರೆ ಒಂದು ಪುಟ ಇತ್ತು. ತಿಂಗಳಿಗೆ ಮೂವತ್ತು ಚೌಕ, ದಿನಕ್ಕೊಂದು ಬಣ್ಣ. ಸುಖವಾಗಿದ್ದರೆ ಹಳದಿ. ಬೇಸರವಾದರೆ ನೀಲಿ. ಯಾರೊಂದಿಗೂ ಮಾತೇ ಬೇಡ ಎಂಬಂಥ ದಿನಕ್ಕೆ ಕಂದು, ಅದರ ಹೆಸರು ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಭಾನುವಾರ ಗಾಡಿ ನಿಲ್ಲಿಸುತ್ತಾರಲ್ಲ, ಅದೇ. ಬೆಳಿಗ್ಗೆ ಗಾಡಿ ಹತ್ತಿದ ಕೂಡಲೇ "ಇವತ್ತು ನನಗೆ ಮೆಗಾಬ್ಲಾಕ್ ಉಂಟು, ಆಯ್ತಾ" ಎಂದರೆ ನಾವು ಅವರ ಪಾಡಿಗೆ ಬಿಟ್ಟುಬಿಡುತ್ತಿದ್ದೆವು. ಕಳವಾ ಬರುವ ಹೊತ್ತಿಗೆ ಅವರೇ "ಸ್ಪೆಷಲ್ ಗಾಡಿ ಬಿಟ್ಟಿದ್ದೇನೆ" ಎಂದು ಮಾತು ಶುರುಮಾಡುತ್ತಿದ್ದರು.

ಸಿಟ್ಟು ಕೂಡ ಪುಸ್ತಕದ ಪ್ರಕಾರವೇ. ಮಂಗಳವಾರ ಯಜಮಾನರ ಮೇಲೆ ಸಿಟ್ಟು ಬಂದರೆ ಮಂಗಳವಾರ ಬೈಯುತ್ತಿರಲಿಲ್ಲ, ಆ ದಿನದ ಪಟ್ಟಿ ಆಗಲೇ ತುಂಬಿರುತ್ತಿತ್ತು. ಭಾನುವಾರದ ಪುಟದಲ್ಲಿ ಚುಕ್ಕಿ ಇಟ್ಟು 'ಇವರಿಗೆ ಬೈಯುವುದು, ಒದ್ದೆ ಟವೆಲ್' ಎಂದು ಬರೆಯುತ್ತಿದ್ದರು. ಯಜಮಾನರು ಬುದ್ಧಿವಂತರು. ಶನಿವಾರ ಸಂಜೆಯೇ ಪುಸ್ತಕ ತೆರೆದು ನೋಡಿ, ಭಾನುವಾರ ಬೆಳಿಗ್ಗೆ ಟವೆಲ್ ಒಗೆದು ಒಣಹಾಕಿ, ಎಳನೀರು ತಂದಿಟ್ಟುಕೊಂಡು ಕಾಯುತ್ತಿದ್ದರು. ಆದರೂ ಅಕ್ಕ ಬೈಯುತ್ತಿದ್ದರು. "ಚುಕ್ಕಿ ಇಟ್ಟಾಗಿದೆ, ಎರಡು ನಿಮಿಷ ಕೂತ್ಕೊಳ್ಳಿ" ಎಂದು ಕೂರಿಸಿ, ಬೈದು, ಇಂಟು ಹಾಕಿ, ಆಮೇಲೆ ಇಬ್ಬರೂ ಎಳನೀರು ಕುಡಿಯುತ್ತಿದ್ದರಂತೆ.

ಪುಸ್ತಕಕ್ಕೆ ನಿಯಮಗಳಿದ್ದವು. ಹಾಳೆ ಹರಿಯುವಂತಿಲ್ಲ. ಬಿಳಿ ಹಚ್ಚಿ ಅಳಿಸುವಂತಿಲ್ಲ. ಒಂದು ಕೆಲಸಕ್ಕೆ ಮೂರು ಬಾಣ ಬಿದ್ದರೆ ಒಂದೋ ಅದನ್ನು ಮಾಡಬೇಕು, ಇಲ್ಲ ಅಡ್ಡಗೆರೆ ಎಳೆದು ಜನ್ಮದಲ್ಲಿ ಮತ್ತೆ ಬರೆಯಬಾರದು. ಎಲ್ಲಕ್ಕಿಂತ ದೊಡ್ಡ ನಿಯಮ, ಪುಸ್ತಕ ಸುಳ್ಳು ಹೇಳಬಾರದು.

ಈ ದೊಡ್ಡ ನಿಯಮಕ್ಕೆ ಅಕ್ಕನ ಒಂದು ಹಲ್ಲು ಬಲಿಯಾಗಿತ್ತು. ಒಂದು ದಿನ 'ಹಲ್ಲು ಕೀಳಿಸುವುದು' ಎಂಬುದರ ಮೇಲೆ, ಸಂಜೆ ಹೇಗೂ ಹೋಗುತ್ತೇನಲ್ಲ ಎಂದು ಬೆಳಿಗ್ಗೆಯೇ ಇಂಟು ಹಾಕಿಬಿಟ್ಟರು. ಸಂಜೆ ಹಲ್ಲಿನ ಡಾಕ್ಟರು ಬಾಯಿ ನೋಡಿ, ಇದನ್ನು ಕೀಳುವುದು ಬೇಡ, ಉಳಿಸಬಹುದು ಎಂದರು. ಅಕ್ಕ ಕುರ್ಚಿಯಲ್ಲಿ ಮಲಗಿಕೊಂಡೇ "ಆಗುದಿಲ್ಲ ಡಾಕ್ಟ್ರೇ, ಇಂಟು ಹಾಕಿ ಆಗಿದೆ" ಎಂದರು. ಅವರು ನಕ್ಕಾಗ ಎಡಗಡೆ ಕಾಣುತ್ತಿದ್ದ ಆ ಖಾಲಿ ಜಾಗ ಪುಸ್ತಕದ ಸತ್ಯಕ್ಕೆ ಸಾಕ್ಷಿ.

ಅಡ್ಡಗೆರೆ ಬಿದ್ದದ್ದು ಮತ್ತೆ ಬರುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ನಾನು ಮಹಾ ಮರೆಗುಳಿ. ಕೊಡೆಯನ್ನು ಗಾಡಿಯಲ್ಲಿ, ಟಿಫಿನ್ನನ್ನು ಆಫೀಸಿನಲ್ಲಿ, ಕನ್ನಡಕವನ್ನು ಮೂಗಿನ ಮೇಲೆ ಮರೆಯುವವಳು. ನನ್ನನ್ನು ಉದ್ಧಾರ ಮಾಡಬೇಕೆಂದು ಅಕ್ಕ ನನಗೂ ಒಂದು ಚುಕ್ಕಿ ಪುಸ್ತಕ ತಂದುಕೊಟ್ಟರು. ಒಂಬತ್ತು ದಿನ ಬರೆದೆ. ಹತ್ತನೆಯ ದಿನ ಪುಸ್ತಕವನ್ನೇ ಕಳೆದುಕೊಂಡೆ. ಅಕ್ಕ ತಮ್ಮ ಪುಸ್ತಕದಲ್ಲಿ 'ಇವಳಿಗೆ ಇನ್ನೊಂದು ಪುಸ್ತಕ' ಎಂದು ಚುಕ್ಕಿ ಇಟ್ಟು, ಮೂರು ತಿಂಗಳು ಬಾಣ ಹಾಕಿ, ನಾನು ಸುಧಾರಿಸುವ ಲಕ್ಷಣ ಕಾಣದೆ ನನ್ನ ಕಣ್ಣೆದುರೇ ಅಡ್ಡಗೆರೆ ಎಳೆದರು. "ಮುಗೀತು" ಎಂದರು. ಎಷ್ಟು ಗೋಗರೆದರೂ ಕೊಡಲಿಲ್ಲ.

ಇಂಥ ಹೆಂಗಸು ತಮ್ಮ ನಿಯಮವನ್ನು ತಾವೇ ಮುರಿದದ್ದು ಒಂದೇ ಒಂದು ಚುಕ್ಕಿಯ ವಿಷಯದಲ್ಲಿ. ಆ ಚುಕ್ಕಿಯ ಮುಂದೆ ಬರೆದಿದ್ದದ್ದು ಒಂದೇ ಮಾತು, 'ಕಲ್ಯಾಣ'.

ಡೊಂಬಿವಲಿಯಿಂದ ಕಲ್ಯಾಣ ಎರಡೇ ಸ್ಟೇಷನ್ನು. ಅಲ್ಲಿ ಅಕ್ಕನ ತಂಗಿ ಇದ್ದಳು. ಅಕ್ಕತಂಗಿಯರು ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಆಸ್ತಿ ಅಲ್ಲ, ಬಂಗಾರ ಅಲ್ಲ. ಜಗಳಕ್ಕೆ ಕಾರಣ ಈ ಪುಸ್ತಕವೇ.

ಪುಸ್ತಕದ ಮೊದಲ ಪುಟಗಳಲ್ಲಿ ದಿನನಿತ್ಯದ ಅಭ್ಯಾಸಗಳ ಒಂದು ಪಟ್ಟಿ ಇತ್ತು. ಒಂದೊಂದು ಅಭ್ಯಾಸಕ್ಕೂ ಸಾಲಾಗಿ ಚೌಕಗಳು, ಮಾಡಿದ ದಿನ ಚೌಕಕ್ಕೆ ಹಸಿರು ಬಣ್ಣ. ಆ ವರ್ಷ ಚೌತಿಗೆ ಡೊಂಬಿವಲಿಗೆ ಬಂದಿದ್ದ ತಂಗಿ ಫ್ರಿಜ್ಜಿನ ಮೇಲಿದ್ದ ಪುಸ್ತಕವನ್ನು ಸುಮ್ಮನೆ ತೆರೆದು ನೋಡಿದಳು. 'ತುಳಸಿಗೆ ನೀರು'. ಅದರ ಕೆಳಗೆ 'ಕ್ಯಾಲ್ಸಿಯಂ ಮಾತ್ರೆ'. ಅದರ ಕೆಳಗೆ 'ತಂಗಿಗೆ ಫೋನ್'. ಅದರ ಕೆಳಗೆ 'ಫ್ರಿಜ್ ಒರೆಸುವುದು'. ಪ್ರತಿ ಶನಿವಾರ ಸಂಜೆ ನಾಲ್ಕೂವರೆಗೆ ಅಕ್ಕನ ಫೋನು ಬಂದಾಗ, ಅಕ್ಕನಿಗೆ ನನ್ನ ನೆನಪಾಯಿತು ಎಂದು ಆ ಪಾಪದವಳು ಹಿಗ್ಗುತ್ತಿದ್ದಳಂತೆ. ಈಗ ನೋಡಿದರೆ ತಾನು ಬಣ್ಣ ತುಂಬುವ ಒಂದು ಚೌಕ. ಅಷ್ಟಾದರೂ ಸಹಿಸುತ್ತಿದ್ದಳೋ ಏನೋ. ಒಂದು ಶನಿವಾರದ ಚೌಕಕ್ಕೆ ಅರ್ಧ ಮಾತ್ರ ಬಣ್ಣ ತುಂಬಿತ್ತು.

"ಇದೆಂತ ಅರ್ಧ?" ಎಂದಳಂತೆ ತಂಗಿ.

"ಅವತ್ತು ನೆಟ್‌ವರ್ಕ್ ಹೋಯ್ತಲ್ಲ. ಅರ್ಧವೇ ಮಾತಾಡಿದ್ದು" ಎಂದರಂತೆ ಅಕ್ಕ, ಸತ್ಯವಂತೆ.

"ನಾನು ನಿನ್ನ ಕ್ಯಾಲ್ಸಿಯಂ ಮಾತ್ರೆಯಾ?" ಎಂದು ಕೇಳಿ ತಂಗಿ ಚಪ್ಪಲಿ ಮೆಟ್ಟಿಕೊಂಡು ಹೋದವಳು ಹೋದಳೇ. ಮುಂದಿನ ಶನಿವಾರ ನಾಲ್ಕೂವರೆಗೆ ಅಕ್ಕ ಫೋನು ಮಾಡಿದರು, ಎತ್ತಲಿಲ್ಲ. ಅದರ ಮುಂದಿನ ಶನಿವಾರವೂ ಎತ್ತಲಿಲ್ಲ.

"ಮರೆತು ಹೋಗಬಾರದು ಅಂತಲ್ವಾ ಬರೆಯುದು? ಬೇಡದ್ದನ್ನು ಯಾರಾದ್ರೂ ಬರೀತಾರಾ?" ಎಂದು ಅಕ್ಕ ನಮ್ಮೆದುರು ವಾದ ಮಾಡುತ್ತಿದ್ದರು. ಸುಷ್ಮಾತಾಯಿ ತಂಗಿಯ ಪಕ್ಷ. ತಂಗಿಯನ್ನು ನೆನಪಿಟ್ಟುಕೊಳ್ಳಲು ಪುಸ್ತಕ ಬೇಕಾ ಎಂದು ಕೇಳುತ್ತಿದ್ದರು. ನನಗೆ ಇಬ್ಬರೂ ಸರಿ ಎನ್ನಿಸುತ್ತಿತ್ತು. ನನ್ನ ಗಂಡನ ಹುಟ್ಟಿದ ದಿನವನ್ನು ಮೊಬೈಲೇ ನನಗೆ ಹೇಳುವುದು, ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೆ.

ಪ್ರತಿ ತಿಂಗಳ ಕೊನೆಗೆ ಅಕ್ಕ 'ಕಲ್ಯಾಣ'ದ ಚುಕ್ಕಿಗೆ ಬಾಣ ಹಾಕಿ, ಹೊಸ ತಿಂಗಳ ಪುಟದಲ್ಲಿ ಮತ್ತೆ 'ಕಲ್ಯಾಣ' ಎಂದು ಬರೆಯುತ್ತಿದ್ದರು. ಮೂರಲ್ಲ, ಇಪ್ಪತ್ತಕ್ಕೂ ಹೆಚ್ಚು ಬಾಣ ಬಿದ್ದವು. "ಅಕ್ಕ, ನಿಮ್ಮ ನಿಯಮ ಏನಾಯ್ತು?" ಎಂದರೆ "ಸಿಗ್ನಲ್ ಬೀಳ್ಲಿಲ್ಲ ಇನ್ನೂ" ಎನ್ನುತ್ತಿದ್ದರು. ಆ ಹೊತ್ತಿಗೆ ಹಲ್ಲಿನ ಖಾಲಿ ಜಾಗ ಕಾಣುವ ಆ ನಗು ಇರುತ್ತಿರಲಿಲ್ಲ.

ಹೀಗಿರುವಾಗ ಪುಸ್ತಕ ಮುಗಿಯುತ್ತ ಬಂತು. ರಿಟೈರ್ ಆಗಲು ಇನ್ನು ಕೆಲವೇ ತಿಂಗಳು. ಒಂದು ಬುಧವಾರ ಅಕ್ಕ ಕೊನೆಯ ಹಾಳೆ ತೋರಿಸಿ ಹೇಳಿದರು: "ನಾಳೆಗೆ ತಿಂಗಳು ಮುಗಿಯಿತು, ಪುಸ್ತಕವೂ ಮುಗಿಯಿತು. ಹೊಸ ಪುಸ್ತಕಕ್ಕೆ ಹಳೇ ಹೊರೆ ತರುದಿಲ್ಲ. ನಾಳೆ ಕಲ್ಯಾಣಕ್ಕೆ ಗೆರೆ ಎಳೀತೇನೆ."

ಸುಷ್ಮಾತಾಯಿಯ ಕೈಯಲ್ಲಿದ್ದ ಗವಾರ್ ಕಾಯಿ ಅಲ್ಲೇ ನಿಂತಿತು. ಅಡ್ಡಗೆರೆ ಎಂದರೆ ಏನೆಂದು ನಮಗಿಬ್ಬರಿಗೂ ಗೊತ್ತಿತ್ತು. ಸಕ್ಕರೆ ಹಾಕಿದ ಚಹಾಕ್ಕೆ ಗೆರೆ ಎಳೆದಿದ್ದರು, ಮತ್ತೆ ಕುಡಿಯಲಿಲ್ಲ. ನನ್ನ ಪುಸ್ತಕಕ್ಕೆ ಎಳೆದಿದ್ದರು, ಮತ್ತೆ ತರಲಿಲ್ಲ. ನಾಳೆ ತಂಗಿಗೆ ಎಳೆದರೆ ಈ ಹಟಮಾರಿ ಹೆಂಗಸು ಸಾಯುವವರೆಗೆ ಕಲ್ಯಾಣದ ಕಡೆ ತಲೆ ಹಾಕುವುದಿಲ್ಲ. ಆ ದಿನ ಆಫೀಸಿನಲ್ಲಿ ನನಗೆ ಕೆಲಸವೇ ಸಾಗಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ದೊಡ್ಡದೊಂದು ಕಿತ್ತಳೆ ತಂದಿದ್ದರು. ಸ್ಟಿಕರ್ ತೆಗೆದು ಕೈಯ ಹಿಂಬದಿಗೆ ಅಂಟಿಸಿಕೊಂಡು, ಸುಲಿಯಲು ಶುರುಮಾಡಿದರು. ರಸ ಚಿಮ್ಮಿ ಎರಡೂ ಕೈ ಒದ್ದೆಯಾಯಿತು. ಪುಸ್ತಕ ಮಡಿಲಲ್ಲಿ ತೆರೆದೇ ಇತ್ತು. "ಕಲೆ ಆಗ್ತದೆ ಮಾರಾಯ್ತಿ, ನೀನು ಹಿಡಿ. 'ದೋಸೆಗೆ ಅಕ್ಕಿ ನೆನೆಹಾಕುವುದು' ಅಂತ ಉಂಟಲ್ಲ, ಅದು ಆಯ್ತು, ಇಂಟು ಹಾಕು" ಎಂದು ಪುಸ್ತಕವನ್ನೂ ಪೆನ್ನನ್ನೂ ನನಗೆ ಕೊಟ್ಟರು. ದೋಸೆಯ ಕೆಳಗಿನ ಸಾಲಿನಲ್ಲೇ ಕಲ್ಯಾಣ ಇತ್ತು.

ಆಮೇಲೆ ನಾನು ಎಲ್ಲರಿಗೂ ಹೇಳಿದ್ದು ಹೀಗೆ: ಗಾಡಿ ಜೋಲಿ ಹೊಡೆಯಿತು, ಪೆನ್ನು ಜಾರಿತು, ಇಂಟು ಒಂದು ಸಾಲು ಕೆಳಗೆ ಬಿತ್ತು.

ಅಕ್ಕ ಪುಸ್ತಕ ನೋಡಿದರು. ಕಿತ್ತಳೆಯ ಒಂದು ತೊಳೆ ಬಾಯಿಯ ಹತ್ತಿರ ಹೋದದ್ದು ಅಲ್ಲೇ ಉಳಿಯಿತು. 'ಕಲ್ಯಾಣ'ದ ಚುಕ್ಕಿಯ ಮೇಲೆ ಇಂಟು. ಪುಸ್ತಕದ ಪ್ರಕಾರ ಅವರು ಕಲ್ಯಾಣಕ್ಕೆ ಹೋಗಿ ಬಂದಾಗಿತ್ತು.

"ಯಾರು ಹಾಕಿದ್ದು ಇದು?"

"ಅಯ್ಯೋ ಅಕ್ಕ, ಜೋಲಿ ಹೊಡೀತು... ಕೈ ಜಾರಿಬಿಡ್ತು... ಬಿಳಿ ಹಚ್ಚಲಾ?" ಎಂದೆ.

"ಬಿಳಿಯಾ?" ಎಂದು ಅವರು ನೋಡಿದ ನೋಟಕ್ಕೆ ನಾನು ಸೀಟಿನ ಕೆಳಗೆ ಇಳಿದುಹೋಗಬೇಕಿತ್ತು. ಸುಷ್ಮಾತಾಯಿ ಗವಾರ್ ಕಾಯಿಯಿಂದ ತಲೆ ಎತ್ತದೆ "ಧಕ್ಕಾ ಲಾಗ್ಲಾ, ಮೀ ಬಘಿತ್ಲಂ" ಎಂದರು. ಗಾಡಿ ಕುಲುಕಿದ್ದನ್ನು ತಾವೂ ಕಂಡದ್ದಾಗಿ ಸಾಕ್ಷಿ ಹೇಳಿದರು, ಪುಣ್ಯಾತ್ಮೆ.

ಠಾಣೆ ಬಂತು. ಪನ್ವೇಲ್ ಗಾಡಿಯ ಪ್ಲಾಟ್‌ಫಾರ್ಮಿನ ಕಡೆ ಹೋಗುವ ಬದಲು ಅಕ್ಕ ಸೇತುವೆಯ ಮೇಲೆ ನಿಂತರು. ಜನ ಎರಡೂ ಕಡೆಯಿಂದ ನಮ್ಮನ್ನು ತಳ್ಳಿಕೊಂಡು ಹೋಗುತ್ತಿದ್ದರು.

"ಕಲ್ಯಾಣದ ಗಾಡಿ ಯಾವುದು?" ಎಂದರು.

"ಸಂಜೆ ಹೋದರಾಯಿತು ಬಿಡಿ ಅಕ್ಕ. ಇವತ್ತಿನ ತಾರೀಕು ಇರುತ್ತಲ್ಲ."

"ಸಂಜೆ ತನಕ ಪುಸ್ತಕ ಸುಳ್ಳು ಹೇಳ್ತಾ ಕೂತಿರಬೇಕಾ? ನೀನೂ ಬಾ. ಇಂಟು ಹಾಕಿದವಳು ನೀನು."

ಹೀಗೆ ನಾವಿಬ್ಬರೂ ಆಫೀಸಿಗೆ ಚಕ್ಕರ್ ಹೊಡೆದು, ಆ ಹೊತ್ತಿಗೆ ಎಲ್ಲರೂ ಹೋಗುವುದಕ್ಕೆ ಉಲ್ಟಾ ದಿಕ್ಕಿನ ಗಾಡಿ ಹತ್ತಿದೆವು. ಖಾಲಿ ಗಾಡಿ. ಬೇಕಾದಲ್ಲಿ ಕೂರಬಹುದಿತ್ತು, ಕಾಲು ಚಾಚಬಹುದಿತ್ತು. ಅಕ್ಕ ಮಾತ್ರ ಅಭ್ಯಾಸಬಲದಿಂದ ಮೂವರ ಸೀಟಿನಲ್ಲಿ ನಾಲ್ಕನೆಯವರ ಹಾಗೆ ತುದಿಯಲ್ಲಿ ಮುದುಡಿ ಕೂತರು.

"ಹೋಗಿ ಎಂತ ಹೇಳುದು?" ಎಂದರು. ಉತ್ತರಕ್ಕೆ ಕಾಯದೆ ಪುಸ್ತಕದ ರಟ್ಟಿನ ಒಳಬದಿಯಲ್ಲಿ ಚುಕ್ಕಿ ಇಟ್ಟು ಬರೆಯತೊಡಗಿದರು. ನಾನು ಇಣುಕಿದೆ. 'ಹೇಗಿದ್ದಿ'. 'ಮಗಳ ಕಾಲೇಜು'. 'ಮಂಡಿ ನೋವು (ನನ್ನದು)'. 'ಮಂಡಿ ನೋವು (ಅವಳದು)'. ಕೊನೆಗೆ 'ತಪ್ಪು ನನ್ನದು' ಎಂದು ಬರೆದು, ಸ್ವಲ್ಪ ಯೋಚಿಸಿ, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಕಲ್ಯಾಣ ಸ್ಟೇಷನ್ನಿನ ಹೊರಗೆ ಸೇಬು ಕೊಂಡೆವು. ರಿಕ್ಷಾದಲ್ಲಿ ಕೂತ ಅಕ್ಕ ಒಂದೊಂದೇ ಸೇಬಿನ ಸ್ಟಿಕರ್ ಬಿಡಿಸಿ ಕೈಯ ಹಿಂಬದಿಗೆ ಅಂಟಿಸಿಕೊಂಡರು. ಹೆದರಿಕೆಯಾದಾಗ ಕೆಲವರು ದೇವರ ನಾಮ ಹೇಳುತ್ತಾರೆ, ಇವರು ಸ್ಟಿಕರ್ ಕೀಳುತ್ತಾರೆ.

ಮೂರನೆಯ ಮಹಡಿ. ಬಾಗಿಲು ತೆರೆದದ್ದು ತಂಗಿಯ ಮಗಳು, ಕಾಲೇಜಿಗೆ ಹೊರಟಿದ್ದಳು. "ಆಯೀ! ಡೊಂಬಿವಲಿಚೀ ಮಾವ್ಶಿ ಆಲೀ!" ಎಂದು ಒಳಗೆ ಕೂಗಿದಳು, ಡೊಂಬಿವಲಿಯ ದೊಡ್ಡಮ್ಮ ಬಂದರೆಂದು. ತಂಗಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅದೇ ಅಗಲ ಬೊಟ್ಟು, ಅದೇ ಮೂಗು. ಅಕ್ಕನ ಮುಖ ನೋಡಿದಳು, ಸ್ಟಿಕರ್ ತುಂಬಿದ ಕೈ ನೋಡಿದಳು, ಬಗಲಲ್ಲಿದ್ದ ಪುಸ್ತಕ ನೋಡಿದಳು.

"ಓಹೋ," ಎಂದಳು. "ಇವತ್ತು ಪುಸ್ತಕದಲ್ಲಿ ನನ್ನ ಪಾಳಿಯಾ?"

ಇಲ್ಲ, ನಿನ್ನ ನೆನಪಾಯಿತು, ಬಂದೆ ಎಂದು ಬೇರೆ ಯಾರಾದರೂ ಹೇಳುತ್ತಿದ್ದರು. ನಾನು ಹಿಂದಿನಿಂದ ಅಕ್ಕನ ಸೆರಗು ಜಗ್ಗಿದೆ.

"ಹೌದು," ಎಂದರು ಅಕ್ಕ. "ಇಂಟು ಬಿದ್ದು ಹೋಗಿತ್ತು."

ನಾನು ಮೆಟ್ಟಿಲಿನ ಕಡೆ ತಿರುಗಿದೆ. ಕೆಲಸ ಕೆಟ್ಟಿತು ಎಂದೇ ಅಂದುಕೊಂಡೆ. ತಂಗಿ ಕೈ ಚಾಚಿ "ತಾ ಇಲ್ಲಿ" ಎಂದು ಪುಸ್ತಕ ಕಿತ್ತುಕೊಂಡು ಒಳಗೆ ಹೋಗಿ ಸೋಫಾದ ಮೇಲೆ ಕೂತಳು. ಕನ್ನಡಕ ಹಾಕಿಕೊಂಡಳು. ಮೊದಲು ತೆರೆದದ್ದು ಆ ಹಸಿರು ಚೌಕಗಳ ಪುಟವನ್ನೇ. ತುಳಸಿ, ಕ್ಯಾಲ್ಸಿಯಂ, ತಾನು, ಫ್ರಿಜ್ಜು. ಅರ್ಧ ಬಣ್ಣದ ಚೌಕ ಹಾಗೆಯೇ ಇತ್ತು. ಮೂಗು ಮುರಿದು ಪುಟ ಮಗುಚಿದಳು. ಮುಂದಿನ ತಿಂಗಳು, 'ಕಲ್ಯಾಣ', ಬಾಣ. ಅದರ ಮುಂದಿನ ತಿಂಗಳು, 'ಕಲ್ಯಾಣ', ಬಾಣ. ನಾವಿಬ್ಬರೂ ಬಾಗಿಲಲ್ಲೇ ನಿಂತಿದ್ದೆವು, ಪರೀಕ್ಷೆಯ ಪೇಪರು ತಿದ್ದಿಸಿಕೊಳ್ಳುವವರ ಹಾಗೆ. ಮಗುಚುವ ಕೈ ಬರಬರುತ್ತ ನಿಧಾನವಾಯಿತು. ಫ್ರಿಜ್ಜು ಎಲ್ಲೋ ನಡುವೆ ಬಿದ್ದುಹೋಗಿತ್ತು. ಬೆಳಗಿನ ವಾಕಿಂಗ್ ಬಂದು ಮೂರು ಬಾಣ ತಿಂದು ಸತ್ತಿತ್ತು. ಹಾರ್ಮೋನಿಯಂ ಕ್ಲಾಸಿಗೂ ಅದೇ ಗತಿ. ಕಲ್ಯಾಣ ಮಾತ್ರ ತಿಂಗಳು ತಿಂಗಳೂ ಇತ್ತು, ಒಂದೊಂದು ಸಲವೂ ಹೊಸದಾಗಿ ಕೈಯಾರೆ ಬರೆದದ್ದು, ಓಡುವ ಗಾಡಿಯ ನಡುಗುವ ಅಕ್ಷರದಲ್ಲಿ.

ತಂಗಿ ಕನ್ನಡಕ ತೆಗೆದಳು. ಕಣ್ಣು ಒರೆಸಿಕೊಳ್ಳುತ್ತಾಳೆ ಎಂದುಕೊಂಡೆ. ಒರೆಸಿದ್ದು ಕನ್ನಡಕವನ್ನು.

"ಇದರಲ್ಲಿ ಕ್ಯಾಲ್ಸಿಯಂ ಮಾತ್ರೆ ಎಲ್ಲಿ?"

"ಅದಾ?" ಎಂದರು ಅಕ್ಕ. "ಅದಕ್ಕೆ ಮೂರು ಬಾಣ ಆಯ್ತು. ಗೆರೆ ಎಳೆದೆ."

"ಮಾತ್ರೆ ಬಿಟ್ಟು ಎಷ್ಟು ಸಮಯ ಆಯ್ತು?"

"ಎರಡು ವರ್ಷ ಆಗ್ತಾ ಬಂತು."

ತಂಗಿ ಎದ್ದು ನಿಂತು ತುಳುವಿನಲ್ಲಿ ಶುರುಮಾಡಿದಳು. ನನಗೆ ತುಳು ಬರದು. ಅರ್ಥವಾದದ್ದು ಕ್ಯಾಲ್ಸಿಯಂ ಎಂಬ ಒಂದೇ ಶಬ್ದ, ಅದು ಹತ್ತಾರು ಸಲ ಬಂತು. ಆಮೇಲೆ ಅಕ್ಕ ಅನುವಾದ ಮಾಡಿ ಹೇಳಿದರು: ಮಾತ್ರೆಯನ್ನು ಬಿಟ್ಟೆ, ನನ್ನನ್ನು ಹಿಡಿದುಕೊಂಡೆ, ನಿನ್ನ ಮಂಡಿ ಹೋದರೆ ನನ್ನ ಮನೆಯ ಮೂರು ಮಹಡಿ ಯಾರು ಹತ್ತುವುದು, ನಿನಗೆ ತಲೆ ಉಂಟಾ ಎಂದೆಲ್ಲ ಬೈದಳಂತೆ. ಅಕ್ಕ ಅಷ್ಟು ಹೊತ್ತು ತುಟಿ ಬಿಚ್ಚದೆ ಬೈಸಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪಟ್ಟಿಯಲ್ಲಿ ಬರೆದುಕೊಂಡಿದ್ದ ಒಂದು ಮಾತೂ ಆಡಬೇಕಾಗಿ ಬರಲಿಲ್ಲ. ಬೈಗುಳ ಮುಗಿದ ಮೇಲೆ ನೀರುದೋಸೆ ಬಂತು, ಚಹಾ ಬಂತು. ಚಹಾಕ್ಕೆ ಸಕ್ಕರೆ ಹಾಕಿತ್ತು. ಅಕ್ಕ ನನ್ನತ್ತ ಒಂದು ಕಣ್ಣು ಹಾಯಿಸಿ, ಸದ್ದಿಲ್ಲದೆ ಕುಡಿದುಬಿಟ್ಟರು.

ಇದೆಲ್ಲ ಆಗಿ ಕೆಲವು ತಿಂಗಳಿಗೆ ಅವರು ರಿಟೈರ್ ಆದರು. ಗಾಡಿಯಲ್ಲಿ ಅವರ ಕೊನೆಯ ದಿನ ನಾವು ಸಮೋಸ ಹಂಚಿ, ಮೊಗ್ಗಿನ ಗಜ್ರಾ ಮುಡಿಸಿ, ಡಬ್ಬಿಯ ಕಂಬಿಗೆಲ್ಲ ಬಣ್ಣದ ಕಾಗದ ಕಟ್ಟಿದೆವು. ಎಲ್ಲರೂ ಸೇರಿ ಅವರ ಸೀಟಿನ ಹಿಂಬದಿಗೆ ಹಣ್ಣಿನ ಸ್ಟಿಕರ್‌ಗಳನ್ನು ಅಂಟಿಸಿ ಒಂದು ದೊಡ್ಡ ಇಂಟು ಮಾಡಿದೆವು. ಅಕ್ಕ ನಕ್ಕರು, ಅತ್ತರು, ಅದು ಸ್ವಲ್ಪ ಓರೆಯಾಗಿದೆ ಎಂದೂ ಹೇಳಿದರು.

ಮುಂಬ್ರಾ ದಾಟಿತು. ಕಳವಾಕ್ಕೆ ಮೊದಲು ಗಾಡಿ ನಿಂತಿತು, ಅವರಿಗೆ ಬೀಳ್ಕೊಡುಗೆ ಕೊಡುವ ಹಾಗೆ. ಅಕ್ಕ ಸ್ಕೇಲು ತೆಗೆಯಲಿಲ್ಲ. ಚೀಲದಿಂದ ಆ ದಪ್ಪ ರಟ್ಟಿನ ಹಳೆಯ ಪುಸ್ತಕ ತೆಗೆದು ನನ್ನ ಮಡಿಲಲ್ಲಿಟ್ಟರು.

"ನನಗೆ ಇನ್ನೊಂದು ಪುಸ್ತಕ ಇಲ್ಲ ಅಂತ ಗೆರೆ ಎಳೆದಿದ್ರಲ್ಲ ಅಕ್ಕ?"

"ಇದು ಇನ್ನೊಂದು ಅಲ್ಲ, ಹಳೇದು. ನಿಯಮ ಮುರಿಲಿಲ್ಲ. ಕೊನೇ ಪುಟ ತೆಗೆ."

ತೆಗೆದೆ. ದೋಸೆ, ಅಕ್ಕಿ, ಇಸ್ತ್ರಿ, ಮದ್ದು, ಎಲ್ಲ ಅಕ್ಷರಗಳೂ ಚಳಿಜ್ವರದವು. ನಡುವೆ 'ಕಲ್ಯಾಣ'. ಅದರ ಚುಕ್ಕಿಯ ಮೇಲೆ ನನ್ನ ಇಂಟು, ಎರಡು ಗೆರೆಗಳೂ ಸ್ಕೇಲಿಟ್ಟು ಎಳೆದಷ್ಟು ನೇರ.

"ಜೋಲಿ ಹೊಡೆದ ಇಂಟು ಹೀಗಿರ್ತದಾ?" ಎಂದರು ಅಕ್ಕ. "ಗಾಡಿ ನಿಂತಿತ್ತು ಅವತ್ತು. ಇಲ್ಲೇ, ಇದೇ ಜಾಗದಲ್ಲಿ. ಓಡುವ ಗಾಡಿಯಲ್ಲಿ ನಾನು ನಿನ್ನ ಕೈಗೆ ಪೆನ್ನು ಕೊಡ್ತೇನಾ?"

ಸುಷ್ಮಾತಾಯಿ ಒಮ್ಮೆಲೇ ಗಡಿಬಿಡಿಯಲ್ಲಿ ಮೆಂತ್ಯ ಸೊಪ್ಪು ಬಿಡಿಸತೊಡಗಿದರು. ಅಷ್ಟು ತಿಂಗಳು ನಾನೇ ದೊಡ್ಡ ಜಾಣೆ ಎಂದು ಒಳಗೊಳಗೇ ಬೀಗಿದ್ದೆ.

"ಗೊತ್ತಿದ್ದೂ ಅವತ್ತೇ ಯಾಕೆ ಹೇಳಲಿಲ್ಲ ಅಕ್ಕ?"

ಅಕ್ಕ ಕಿಟಕಿಯ ಆಚೆ ನೋಡಿದರು. ಗಾಡಿ ಮೆಲ್ಲಗೆ ಕುಲುಕಿ ಹೊರಟಿತು.

"ಹೇಳಿದ್ರೆ ನನಗೆ ಕಲ್ಯಾಣಕ್ಕೆ ಹೋಗ್ಲಿಕ್ಕೆ ಆಗ್ತಿರ್ಲಿಲ್ಲವಲ್ಲ ಮಾರಾಯ್ತಿ."